ಗದ್ದೆ ತುರಿಕೆಗೆ ಯೂರಿಯಾ ಒಂದನ್ನೇ ಬೈದರೆ ಸಾಲದು

ಇಡಗುಂಜಿ ಸುತ್ತ ನೆಟ್ಟಿ ಶುರುವಾದರೆ ತುರಿಕೆಯೂ ಶುರು. ಮೊಣಕಾಲಿನ ಕೆಳಗೆ, ಮುಂಗೈಗೆ, ನೀರು ತಾಗಿದಲ್ಲೆಲ್ಲ ಕೆಂಪು ಗುಳ್ಳೆ. "ಗೊಬ್ಬರದ ನಂಜು" ಅಂತ ನಾನೂ ಹೇಳುತ್ತಿದ್ದೆ. ತೋಟಗಾರಿಕೆ ಓದಿ ಸಾವಯವಕ್ಕೆ ಬಂದವನು, ಯೂರಿಯಾ ಬೈಯಲು ನೆಪ ಸಿಕ್ಕರೆ ಬಿಡುತ್ತೇನೆಯೇ? ಕಳೆದ ಮಳೆಗಾಲದಲ್ಲಿ ನೆಟ್ಟಿಗೆ ಬಂದ ಅಕ್ಕ ಒಬ್ಬರು ಕಾಲು ತೋರಿಸಿ ಕೇಳಿದರು: "ತಮಾ, ನಿನ್ನ ಗದ್ದೆಗೆ ಸರ್ಕಾರಿ ಗೊಬ್ಬರ ಹಾಕೂದಿಲ್ಲ ಅಂತೆ. ಮತ್ತೆ ಇದೆಂತದು?"

ಉತ್ತರ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ದನಗಳಿಗೆ ಗೊರಕೆ ರೋಗ ತರುವ ಸಿಸ್ಟೊಸೋಮಾ ನೇಸೇಲ್ ಎಂಬ ಹುಳು ಮೂಗಿನ ರಕ್ತನಾಳದಲ್ಲಿರುತ್ತದೆ. ಅದರ ಮೊಟ್ಟೆ ಸಿಂಬಳದ ಜೊತೆ ನೀರಿಗೆ ಬೀಳುತ್ತದೆ. ಅದರದೇ ಜಾತಿಯ ಸ್ಪಿಂಡೇಲ್ ಹುಳುವಿನ ಮೊಟ್ಟೆ ಸಗಣಿಯಲ್ಲಿ ಬರುತ್ತದೆ. ಮರಿಗಳು ಗದ್ದೆ, ಕೆರೆಗಳ ಚಪ್ಪಟೆ ಸುರುಳಿಯ ಇಂಡೋಪ್ಲಾನೋರ್ಬಿಸ್ ಬಸವನಹುಳುವಿನೊಳಗೆ ಹೊಕ್ಕು, ಕೆಲವು ವಾರಗಳಲ್ಲಿ ಒಂದಕ್ಕೆ ಸಾವಿರವಾಗಿ ಹೊರಬಂದು ದನದ ಚರ್ಮ ಹುಡುಕುತ್ತವೆ. ಸಿಕ್ಕಿದ್ದು ನಮ್ಮ ಕಾಲಾದರೆ ಅಲ್ಲೇ ಕೊರೆದು ಚರ್ಮದಲ್ಲೇ ಸಾಯುತ್ತವೆ. ತುರಿಕೆ ಆ ಹೆಣಕ್ಕೆ ದೇಹ ತೋರಿಸುವ ಸಿಟ್ಟು. ವಾರ, ಹೆಚ್ಚೆಂದರೆ ಎರಡು ವಾರದಲ್ಲಿ ಇಳಿಯುತ್ತದೆ. ಕೆರೆದು ಹುಣ್ಣು ಮಾಡಿಕೊಳ್ಳಬಾರದು. ಜೊತೆಗೆ ಜ್ವರ ಬಂದರೆ ಇಲಿಜ್ವರವೂ ಇರಬಹುದು, ಅಂದೇ ವೈದ್ಯರಲ್ಲಿಗೆ ಹೋಗಿ.

ಸಾವಯವದ ಹೆಸರಲ್ಲಿ ಕೊಟ್ಟಿಗೆ ತೊಳೆದ ಹಸಿ ಸಗಣಿ ನೀರನ್ನು ನೇರ ಗದ್ದೆಗೆ ಬಿಟ್ಟವನು ನಾನೇ. ಗುಂಡಿಯಲ್ಲಿ ಚೆನ್ನಾಗಿ ಬಿಸಿಯೇರಿ ಕಳಿತ ಗೊಬ್ಬರದಲ್ಲಿ ಆ ಮೊಟ್ಟೆ ಉಳಿಯುವುದಿಲ್ಲ. ಬಸವನಹುಳುವಿಗೆ ಬಾತುಕೋಳಿ ಬಿಡಿ ಎಂಬ ಸಲಹೆಯನ್ನೂ ನಾನೀಗ ಕಣ್ಣುಮುಚ್ಚಿ ಕೊಡುವುದಿಲ್ಲ. ಬಾತುಗಳದ್ದೇ ಇಂಥ ಹುಳುಗಳಿವೆ, ಅವೂ ಮನುಷ್ಯರಿಗೆ ತುರಿಕೆ ತರುತ್ತವೆ.

ಗಂಬೂಟು ಹಾಕಿ ಅನ್ನುವವರು ನೆಟ್ಟಿ ಕೆಸರಿನಲ್ಲಿ ಹತ್ತು ಹೆಜ್ಜೆ ಹಾಕಿ ತೋರಿಸಲಿ! ಕಾಲಿಗೆ ಎಣ್ಣೆ ಹಚ್ಚಿದರೆ ತಡೆ ಅಲ್ಪಸ್ವಲ್ಪ. ಮೇಲೆ ಬಂದ ಕೂಡಲೇ ಒಣ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿಕೊಳ್ಳುವುದು ಮೇಲು. ಬದುವಿನ ಮೇಲೆ ನಾಲ್ಕು ಟವೆಲ್ ಇಡುವುದು ಗದ್ದೆಯವನ ಕೆಲಸ. ತುರಿಕೆಯಿಂದ ಒಂದು ದಿನ ತಪ್ಪಿದರೆ ಕೂಲಿ ಹೋಗುವುದು ಆ ಹೆಂಗಸರದ್ದು, ನಮ್ಮದಲ್ಲ.

ಗೊರಕೆ ಹೊಡೆಯುವ ದನ ಇದ್ದರೆ ಪಶುವೈದ್ಯರಿಗೆ ತೋರಿಸಿ. ಎಮ್ಮೆಯನ್ನೂ ಬಿಡಬೇಡಿ, ಅದು ಗೊರಕೆಯಿಲ್ಲದೆಯೂ ಹುಳು ಸಾಕುತ್ತದೆ. ನಮ್ಮ ದನಕ್ಕೆ ಚುಚ್ಚುಮದ್ದು ನಡೆದಿದೆ, ಸಗಣಿ ನೀರು ಈಗ ಗುಂಡಿಗೆ. ಈ ಸಲ ಆ ಅಕ್ಕನ ಸಾಲಿನಲ್ಲಿ ನಾನೂ ಬರಿಗಾಲಲ್ಲಿ ಇಳಿಯುತ್ತೇನೆ.