ಪ್ರಾಸ್ಟೇಟ್ ಕ್ಯಾನ್ಸರ್: ಮುಜುಗರದ ಮರೆಯಲ್ಲಿ

ತುಮಕೂರು, ಗುಬ್ಬಿ, ಕುಣಿಗಲ್‌ಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಅಲೆಯುವ ವೃದ್ಧರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪೀಡಿತರೂ ಇದ್ದಾರೆ. ಬಸ್ಸಿನ ಖರ್ಚು, ಔಷಧಿಯ ಖರ್ಚುಗಳ ಬಗ್ಗೆ ಮನೆಯಲ್ಲಿ ಚರ್ಚೆಯಾಗುತ್ತದೆ. ಮನಸ್ಸಿನ ಮಾತು ಮಾತ್ರ ಯಾರೆದುರೂ ಹೊರಬರುವುದಿಲ್ಲ. ವೈದ್ಯರ ಕೊಠಡಿಯಲ್ಲಿ ಪಕ್ಕದಲ್ಲೇ ಮಗ ಕುಳಿತಿರುವಾಗ ತಂದೆಯಾದವನು ಏನನ್ನು ತಾನೇ ಹೇಳಿಯಾನು?

ಮೂತ್ರಕೋಶದ ಕೆಳಗಿರುವ ಈ ಗ್ರಂಥಿಯನ್ನು ತೆಗೆದ ಬಳಿಕ ಅನೇಕರಲ್ಲಿ ತಿಂಗಳುಗಟ್ಟಲೆ ಮೂತ್ರ ಸೋರುತ್ತದೆ. ದಾಂಪತ್ಯದ ಸಾಮರ್ಥ್ಯವೂ ಕುಂದಬಹುದು. ರೋಗ ಹರಡಿದ್ದರೆ ಪುರುಷ ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದು ನೀಡುತ್ತಾರೆ. ಅದರಿಂದ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ದಣಿವು ಆವರಿಸುತ್ತದೆ, ಕೆಲವರನ್ನು ಖಿನ್ನತೆ ಕಾಡುತ್ತದೆ. ಕಾರಣವಿಲ್ಲದೆ ಕಣ್ಣು ತುಂಬಿಕೊಳ್ಳುವ ಗಂಡಸು ತನ್ನ ಈಮಾನ್ ದುರ್ಬಲವಾಯಿತೆಂದು ಭಾವಿಸುತ್ತಾನೆ. ಅದು ಮದ್ದಿನ ಪರಿಣಾಮವೂ ಆಗಿರಬಹುದೆಂದು ಅವನಿಗೆ ತಿಳಿಸಿದವರಿಲ್ಲ. ಪಿ.ಎಸ್.ಎ. ರಕ್ತಪರೀಕ್ಷೆಯ ದಿನ ಸಮೀಪಿಸಿದಂತೆ ನಿದ್ದೆ ದೂರವಾಗುತ್ತದೆ. ಹಾಸಿಗೆ ಬೇರೆ ಮಾಡಿದ ಪತಿಯ ಮೌನವನ್ನು ಪತ್ನಿ ಕೋಪವೆಂದು ತಿಳಿದು ಒಳಗೊಳಗೇ ನೋಯುತ್ತಾಳೆ.

ಇಂತಹವರು ಮೊದಲು ತೊರೆಯುವುದು ಮಸೀದಿಯನ್ನು. ಬಟ್ಟೆ ಅಶುದ್ಧವಾದೀತೆಂಬ ಭಯ ಅವರದು. ನೆರೆಯವರಿಗೆ ಅದು ಆಲಸ್ಯವಾಗಿ ಕಾಣುತ್ತದೆ. ಆದರೆ ನಿರಂತರ ಸೋರಿಕೆಯುಳ್ಳವನನ್ನು ಹನಫೀ ಕರ್ಮಶಾಸ್ತ್ರವು 'ಮಅ್‌ಝೂರ್' ಎಂದು ಪರಿಗಣಿಸುತ್ತದೆ. ಪ್ರತಿ ನಮಾಝ್‌ನ ವೇಳೆಗೆ ಹೊಸದಾಗಿ ವುಝೂ ಮಾಡಿದರೆ, ನಡುವೆ ಸೋರಿದರೂ ಆ ನಮಾಝ್ ಸಿಂಧು. ನೆಲ ಮಲಿನವಾಗದಂತೆ ಪ್ಯಾಡ್ ಧರಿಸಿ ಮಸೀದಿಗೆ ಬರಲು ಅಡ್ಡಿಯಿಲ್ಲ. ಈ ವಿನಾಯಿತಿಯ ಮೂಲ ಸಹೀಹ್ ಬುಖಾರಿಯಲ್ಲಿದೆ. ನಿಲ್ಲದ ರಕ್ತಸ್ರಾವದಿಂದ ಬಳಲುತ್ತಿದ್ದ ಫಾತಿಮಾ ಬಿನ್ತ್ ಅಬೀ ಹುಬೈಶ್(ರ) ಪ್ರವಾದಿ(ಸ)ಯವರ ಬಳಿಗೆ ಬಂದು ತಮ್ಮ ಸ್ಥಿತಿಯನ್ನು ನೇರವಾಗಿ ಹೇಳಿ ಪರಿಹಾರ ಕೇಳಿದ್ದರು. ವಿದ್ವಾಂಸರು ಅದನ್ನೇ ಮೂತ್ರ ಸೋರಿಕೆಗೂ ಅನ್ವಯಿಸಿದರು. ಒಬ್ಬ ಮಹಿಳೆ ಸಂಕೋಚವಿಲ್ಲದೆ ಕೇಳಿದ್ದನ್ನು ಇಂದು ನಮ್ಮ ಗಂಡಸರು ಇಮಾಮರ ಕಿವಿಯಲ್ಲಿ ಕೇಳಲೂ ನಾಚುತ್ತಿದ್ದಾರೆ. ಮದ್ರಸಾಗಳಲ್ಲಿ ವುಝೂವಿನ ನಿಯಮಗಳನ್ನು ಬಾಯಿಪಾಠ ಮಾಡಿಸುವ ನಾವು ಅವುಗಳ ಅಗತ್ಯವಿರುವವನಿಗೆ ತಲುಪಿಸುವುದಿಲ್ಲವೆಂಬುದು ವಿಪರ್ಯಾಸವೇ ಸರಿ.

ಕಿದ್ವಾಯಿ ಇರುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಕೂಡ ಇದೆ. ಅಷ್ಟು ದೂರ ಹೋಗಲಾಗದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಹಗಲಿರುಳೆನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಖತೀಬರು ಒಂದು ಜುಮಾ ದಿನ ಐದು ನಿಮಿಷವನ್ನು ಈ ವಿಷಯಕ್ಕೆ ಮೀಸಲಿಡಲಿ. ಜಮಾಅತ್ ಕಮಿಟಿಗಳು ಮಸೀದಿಯ ಶೌಚಾಲಯದಲ್ಲಿ ಬಳಸಿದ ಪ್ಯಾಡ್ ಹಾಕಲು ಮುಚ್ಚಳವಿರುವ ಒಂದು ಡಬ್ಬಿ ಇರಿಸಲಿ. ಅದಕ್ಕೆ ಚಂದಾ ಎತ್ತಬೇಕಾದಷ್ಟು ಖರ್ಚೇನೂ ಆಗದು.