ಮಕ್ಕಳಿಗೂ ಬೇಜಾರಾಗಲಿ ಬಿಡಿ

ಕಳೆದ ದಸರೆಯ ರಜೆಯಲ್ಲಿ ಮಗಳು-ಅಳಿಯನ ಕಾರಿನಲ್ಲಿ ಬೆಂಗಳೂರಿನಿಂದ ಧಾರವಾಡಕ್ಕೆ ಬಂದೆ. ಸುಮಾರು 430 ಕಿಲೋಮೀಟರ್ ದಾರಿ. ಹಿಂದಿನ ಸೀಟಿನಲ್ಲಿ ನಾನು, ಏಳು ವರ್ಷದ ಮೊಮ್ಮಗ, ಮೂರು ವರ್ಷದ ಮೊಮ್ಮಗಳು. ನೆಲಮಂಗಲ ದಾಟುವ ಮೊದಲೇ ಇಬ್ಬರ ಕೈಗೂ ಒಂದೊಂದು ಮೊಬೈಲು ಬಂತು. ತುಮಕೂರು ಹೋಯಿತು, ಶಿರಾ ಹೋಯಿತು, ಹಿರಿಯೂರೂ ಹೋಯಿತು. ಮಕ್ಕಳ ತಲೆ ಮೇಲೇಳಲಿಲ್ಲ. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. "ನೋಡೋ ಪುಟ್ಟಾ" ಎಂದು ಮೊಮ್ಮಗನ ಭುಜ ಅಲುಗಿಸಿದೆ. ಮುಂದಿನ ಸೀಟಿನಿಂದ ಮಗಳು, "ಅವ್ವಾ, ಸುಮ್ಮನ ಕುಂತಾನಲ್ಲ, ಯಾಕ ಕೆಣಕ್ತಿ ಅವನ್ನ?" ಎಂದಳು.

ಈ 'ಸುಮ್ಮನೆ ಕೂತಿದ್ದಾನಲ್ಲ' ಎಂಬ ಮಾತಿನ ಮೇಲೆಯೇ ನನ್ನ ಜಗಳ.

ದೂರದ ಪ್ರಯಾಣದಲ್ಲಿ ಮಕ್ಕಳಿಗೆ ಬೇಜಾರಾಗಬಾರದು ಎನ್ನುತ್ತೇವೆ. ಒಳಗಿನ ಮಾತು ಬೇರೆಯೇ ಇದೆ. ಮಕ್ಕಳ ಬೇಜಾರಿನಿಂದ ನಮಗೆ ಕಿರಿಕಿರಿಯಾಗಬಾರದು, ಅಷ್ಟೆ. ಅವರ ಕೈಗೆ ಮೊಬೈಲು ಕೊಟ್ಟು ನಮ್ಮ ಬಿಡುವನ್ನು ನಾವು ಕೊಂಡುಕೊಳ್ಳುತ್ತೇವೆ. ಇದನ್ನು ಮಕ್ಕಳ ಮನರಂಜನೆ ಎಂದು ಕರೆಯುವುದಾದರೂ ಏಕೆ?

ಹೀಗೆ ಹೇಳುವ ನಾನೇನೂ ಸಾಚಾ ಅಲ್ಲ. ಇದೇ ಮಗಳು ಚಿಕ್ಕವಳಿದ್ದಾಗ ಧಾರವಾಡದಿಂದ ಹಿರಿಯೂರಿನ ಹತ್ತಿರದ ನನ್ನ ತವರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಹತ್ತುವ ಮೊದಲು ಅವಳಿಗೆ ವಾಂತಿಯ ಮಾತ್ರೆ ಕೊಡುತ್ತಿದ್ದೆ. ಅವಳಿಗೆ ವಾಂತಿಯಾಗುತ್ತಿದ್ದುದು ಘಟ್ಟದ ದಾರಿಯಲ್ಲಿ ಮಾತ್ರ. ಬಯಲು ದಾರಿಯಲ್ಲೂ ನಾನು ಕೊಟ್ಟದ್ದು, ಆ ಮಾತ್ರೆಗೆ ನಿದ್ದೆ ಬರುತ್ತದೆಂದು ಗೊತ್ತಿದ್ದುದರಿಂದ. ಒಮ್ಮೆ ತವರಿನ ದಾರಿಯಲ್ಲಿ ಬಸ್ಸಿಳಿದು ಕಣ್ಣುಜ್ಜಿಕೊಳ್ಳುತ್ತ, "ಅವ್ವಾ, ಹೊಳಿ ಬಂತೇನು?" ಎಂದು ಕೇಳಿದಳು. ಹರಿಹರದ ಹೊಳೆ ದಾಟಿ ಎರಡು ತಾಸಿಗೂ ಮೇಲಾಗಿತ್ತು. ಹೊಳೆ ತೋರಿಸುತ್ತೇನೆಂದು ಮನೆಯಲ್ಲಿ ಆಸೆ ಹಚ್ಚಿದ್ದವಳೂ ನಾನೇ.

ಆಗ ಮಾತ್ರೆ, ಈಗ ಮೊಬೈಲು. ಆದರೆ ಈ ಹೊಸ ಮಾತ್ರೆ ವಾಂತಿಯನ್ನು ತಾನೇ ತರುತ್ತದೆ. ಕಣ್ಣು ಕೈಯಲ್ಲಿರುವ ಪರದೆಯ ಮೇಲೆ ನೆಟ್ಟಿರುತ್ತದೆ, ಒಳಕಿವಿ ಮಾತ್ರ ಗಾಡಿಯ ಓಲಾಟವನ್ನು ಮಿದುಳಿಗೆ ತಿಳಿಸುತ್ತಿರುತ್ತದೆ. ಎರಡರ ಸುದ್ದಿ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂತು ಪರದೆ ನೋಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ. ನಮ್ಮ ಮೂರು ವರ್ಷದ ಕೂಸು ಶಿರಾ ಬರುವಷ್ಟರಲ್ಲಿ ಆ ದಿನದ ಪಾಲನ್ನು ಮುಗಿಸಿತ್ತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ರಜೆ ಮುಗಿಸಿ ಬಂದ ಮಕ್ಕಳನ್ನು, "ದಾರ್‍ಯಾಗ ಯಾವ ಹೊಳಿ ಬಂತು?" ಎಂದು ಕೇಳುವುದು ನನ್ನ ರೂಢಿ. ಬಸ್ಸಿನಲ್ಲಿ ಹೋದವರು ಹೊಳೆಯ ಹೆಸರು ಹೇಳುತ್ತಾರೆ. ಕಾರಿನಲ್ಲಿ ಹೋದವರು ಊಟ ಮಾಡಿದ ಹೋಟೆಲ್ಲಿನ ಹೆಸರು ಹೇಳುತ್ತಾರೆ.

ಮಕ್ಕಳ ರಂಪಾಟದ ನಡುವೆ ಗಾಡಿ ಓಡಿಸುವುದು ಅಪಾಯ ಎಂದರು ನಮ್ಮ ಅಳಿಯಂದಿರು. ಒಪ್ಪುತ್ತೇನೆ. ಅದಕ್ಕೆ ಮದ್ದು, ಎರಡು ತಾಸಿಗೊಮ್ಮೆ ಗಾಡಿ ನಿಲ್ಲಿಸುವುದು. ಯಾವುದಾದರೂ ಹೋಟೆಲ್ಲಿನ ಅಂಗಳದಲ್ಲಿ ಹತ್ತು ನಿಮಿಷ ಓಡಾಡಿದ ಮಗು ಮತ್ತೆ ಕೂರುತ್ತದೆ. ಎಂಟು ತಾಸಿನ ದಾರಿಯನ್ನು ಏಳು ತಾಸಿನಲ್ಲಿ ಮುಗಿಸಿದೆವೆಂದು ಹೇಳಿಕೊಳ್ಳುವ ಹೆಮ್ಮೆಯನ್ನಷ್ಟು ಬಿಟ್ಟರಾಯಿತು.

ಆ ದಿನ ಚಿತ್ರದುರ್ಗ ದಾಟಿದ ಮೇಲೆ ಮೊಬೈಲುಗಳ ಚಾರ್ಜು ಮುಗಿಯಿತು. ಚಾರ್ಜರು ಬೆಂಗಳೂರಿನ ಮನೆಯಲ್ಲೇ ಉಳಿದಿತ್ತು. ಮೊಮ್ಮಗಳು ಸ್ವಲ್ಪ ಅತ್ತು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಮೊಮ್ಮಗ ಅರ್ಧ ತಾಸು ಕಾಲು ಬಡಿದ. ಅದು ಕಷ್ಟದ ಅರ್ಧ ತಾಸೇ, ಸುಳ್ಳು ಹೇಳಲಾರೆ. ಆಮೇಲೆ, ಬೇರೆ ಗತಿಯಿಲ್ಲದೆ, ಹೊರಗೆ ನೋಡಿದ. "ಅಜ್ಜಿ, ಆ ಕಲ್ಲಿನ ತಲೆ ಯಾಕೆ ಹಳದಿ?" ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ, ರಾಜ್ಯ ಹೆದ್ದಾರಿಯದಕ್ಕೆ ಹಸಿರು ಎಂದೆ. ದಾವಣಗೆರೆ ಇನ್ನೆಷ್ಟು ದೂರವೆಂದು ಕಲ್ಲು ಕಲ್ಲಿಗೂ ಕಳೆಯುವ ಲೆಕ್ಕ ಶುರುವಾಯಿತು. ಲಾರಿಗಳ ನಂಬರಿನಲ್ಲಿ 16 ಬಂದರೆ ಚಿತ್ರದುರ್ಗ, 17 ಬಂದರೆ ದಾವಣಗೆರೆ, 27 ಹಾವೇರಿ, 25 ಧಾರವಾಡ. ಯಾವುದು ಹೆಚ್ಚು ಸಿಗುತ್ತದೆಂದು ಪಂಥ ಕಟ್ಟಿದೆವು. ನಾನು ಸೋತೆ.

ಹರಿಹರದ ಬಳಿ ತುಂಗಭದ್ರೆ ಬಂದಳು. 1956ರಲ್ಲಿ ಕನ್ನಡ ನಾಡು ಒಂದಾಗುವ ಮೊದಲು ಈ ದಂಡೆ ಮೈಸೂರು, ಆ ದಂಡೆ ಮುಂಬಯಿ ರಾಜ್ಯವಾಗಿತ್ತೆಂದು ಹೇಳಿದೆ. ಸೇತುವೆ ಮುಗಿಯುವ ತನಕ ಸುಮ್ಮನಿದ್ದು ಕೇಳಿದ: "ಹಾಗಾದ್ರೆ ಮಧ್ಯದಲ್ಲಿರೋ ಮೀನು ಯಾವ ರಾಜ್ಯದ್ದು ಅಜ್ಜಿ?" ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿರಲಿಲ್ಲ.

ಆದ್ದರಿಂದ ತಂದೆತಾಯಿಗಳೇ, ದಾರಿಯುದ್ದಕ್ಕೂ ಆಟ ಆಡಿಸಬೇಕೆಂದು ನೀವು ಒದ್ದಾಡಬೇಕಾಗಿಲ್ಲ. ಆ ಮೊದಲ ಅರ್ಧ ತಾಸನ್ನು ತಾಳಿಕೊಳ್ಳಿ, ಸಾಕು. ಕೇಳಿದ್ದಕ್ಕೆ ಉತ್ತರ ಕೊಡಿ. ಬೇಜಾರಾದ ಮಗು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಮೀನಿನ ಮಾತಿಗೆ ಮಗಳು ನಕ್ಕು, ಹಿಂದಕ್ಕೆ ಸರಿಯುತ್ತಿದ್ದ ಹೊಳೆಯನ್ನು ತಿರುಗಿ ನೋಡಿದಳು. ಮಾತ್ರೆಯ ಸಂಗತಿಯನ್ನು ನಾನು ಅವಳಿಗೆ ಇಂದಿಗೂ ಹೇಳಿಲ್ಲ. ಇದನ್ನು ಓದಿದಾಗ ತಿಳಿಯುತ್ತದೆ. ಜಗಳಕ್ಕೆ ಬರಲಿ.