ಪುಸ್ತಕದಂಗಡಿಯಲ್ಲಿ ಮಕ್ಕಳಿಗೊಂದು ಸಂಜೆ

ಪ್ರಥಮ ದಿವ್ಯವಾಣಿಯು ಓದುವ ಆಜ್ಞೆಯೊಂದಿಗೆ ಅವತೀರ್ಣಗೊಂಡಿತು ಎಂಬುದನ್ನು ನಾವು ಪ್ರತಿಯೊಂದು ವೇದಿಕೆಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ವೇದಿಕೆಯಿಂದಿಳಿದು ಮನೆಗೆ ಮರಳುವ ನಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ, ಪಠ್ಯಪುಸ್ತಕಗಳನ್ನು ಬಿಟ್ಟರೆ, ಮಗು ತಾನಾಗಿ ಕೈಗೆತ್ತಿಕೊಳ್ಳಬಹುದಾದ ನಾಲ್ಕು ಪುಸ್ತಕಗಳಿವೆ?

ಊರಿನ ಪುಸ್ತಕದಂಗಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳು ಸೇರಿ, ಓದಿ ಬಂದ ಒಂದು ಪುಸ್ತಕದ ಬಗ್ಗೆ ಮಾತಾಡುವ ಕೂಟವೊಂದು ನಮ್ಮ ಪಟ್ಟಣಗಳಲ್ಲಿ ಆರಂಭವಾಗಬೇಕೆಂದು ನಾವು ಬಯಸುವುದು ಈ ಕಾರಣದಿಂದಲೇ. ಇದು ಎರವಲು ತಂದ ಕಲ್ಪನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಅಬ್ಬಾಸಿಯರ ಬಗ್ದಾದಿನಲ್ಲಿ ಪುಸ್ತಕ ವ್ಯಾಪಾರಿಗಳಿಗೆಂದೇ ಮಾರುಕಟ್ಟೆಯಿತ್ತು. ಅಲ್ಲಿ ನೂರಕ್ಕೂ ಹೆಚ್ಚು ಅಂಗಡಿಗಳಿದ್ದುದನ್ನು 9ನೇ ಶತಮಾನದ ಯಾಕೂಬಿ ದಾಖಲಿಸಿದ್ದಾರೆ. ಬಡತನದಲ್ಲಿ ಬೆಳೆದ ಬಸ್ರಾದ ಅಲ್ ಜಾಹಿಝ್ ಅಂತಹ ಅಂಗಡಿಗಳನ್ನು ಬಾಡಿಗೆಗೆ ಪಡೆದು, ಒಳಗೇ ಉಳಿದು ಓದುತ್ತಿದ್ದರಂತೆ. ಇದನ್ನು ಬರೆದಿಟ್ಟ ಇಬ್ನ್ ನದೀಮ್ ಸ್ವತಃ ಪುಸ್ತಕ ವ್ಯಾಪಾರಿ. ಇಂದು ನಮ್ಮ ಪೇಟೆಯ ಪುಸ್ತಕದಂಗಡಿಯಲ್ಲಿ ಗೈಡುಗಳೂ ನೋಟ್ ಪುಸ್ತಕಗಳೂ ಮುಂದಿನ ಸಾಲಿನಲ್ಲಿರುತ್ತವೆ. ಕಥೆಯ ಪುಸ್ತಕ ಬೇಕಾದರೆ ಕೇಳಿ ತೆಗೆಸಬೇಕು. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ನಾವು ಕೊಳ್ಳದ್ದನ್ನು ಅವರೇಕೆ ತಂದಿಡಬೇಕು?

6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯನ್ನೇ ಕಂಡಿಲ್ಲ ಅಥವಾ ಅರ್ಧಕ್ಕೇ ಬಿಟ್ಟಿದ್ದಾರೆಂದು 2006ರ ಸಾಚಾರ್ ವರದಿ ಹೇಳಿದಾಗ ನಾವು ಬೆಚ್ಚಿಬಿದ್ದೆವು. ಶಾಲೆ ಕಟ್ಟುವ, ವಿದ್ಯಾರ್ಥಿವೇತನ ನೀಡುವ ಮಾತುಗಳು ಬಲಗೊಂಡವು. ಒಳ್ಳೆಯದೇ. ಆದರೆ ಶಾಲೆಗೆ ಕಳುಹಿಸುವುದನ್ನೇ ನಾವು ಓದು ಎಂದು ತಿಳಿದುಕೊಂಡೆವು. ಮನೆಯಲ್ಲಿ ಬ್ಯಾರಿ, ನವಾಯತಿ ಅಥವಾ ಉರ್ದು, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಇಂಗ್ಲಿಷ್. ಇವುಗಳ ನಡುವೆ ಕನ್ನಡವು ಅಂಕ ಗಳಿಸುವ ಒಂದು ವಿಷಯವಾಗಿ ಮಾತ್ರ ಉಳಿಯುತ್ತಿದೆ. ಈ ನಾಡಿನೊಂದಿಗೆ ಮಾತಾಡಬೇಕಾದ ಭಾಷೆಯೇ ನಮ್ಮ ಮಕ್ಕಳಿಗೆ ಪರೀಕ್ಷೆಯ ಭಾಷೆಯಾದರೆ, ನಾಳೆ ನಮ್ಮ ಬಗ್ಗೆ ಬರೆಯುವವರು ಯಾರು? 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಅವರು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ್ದು, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು.

ಹೆಣ್ಣು ಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. 2022ರಲ್ಲಿ ಶಿರವಸ್ತ್ರದ ಕಾರಣಕ್ಕಾಗಿ ಅವರನ್ನು ಕಾಲೇಜಿನ ಗೇಟಿನಲ್ಲೇ ತಡೆಯಲಾಯಿತು. ನಾವು ಅದನ್ನು ಪ್ರತಿಭಟಿಸಿದೆವು, ಪ್ರತಿಭಟಿಸಲೇಬೇಕಿತ್ತು. ಆದರೆ ಹನ್ನೆರಡು ದಾಟಿದ ಹುಡುಗಿಗೆ ಶಾಲೆ ಮತ್ತು ಸಂಬಂಧಿಕರ ಮನೆ ಬಿಟ್ಟು ಹೋಗಲು ಬೇರೆ ಜಾಗವನ್ನು ಉಳಿಸದವರು ಯಾರು? ಪುಸ್ತಕದಂಗಡಿ ಯಾರ ಉಡುಪನ್ನೂ ಪ್ರಶ್ನಿಸುವುದಿಲ್ಲ. ಅಲ್ಲಿ ನೆರೆಮನೆಯ ಹಿಂದೂ, ಕ್ರೈಸ್ತ ಮಕ್ಕಳೂ ಕುಳಿತಿರಲಿ. ಒಂದೇ ಕಥೆಯ ಬಗ್ಗೆ ಜಗಳವಾಡಿದ ಮಕ್ಕಳಿಗೆ ಪರಸ್ಪರರ ಪರಿಚಯ ಮಾಡಿಸಲು ಸೌಹಾರ್ದ ಸಮಾವೇಶಗಳ ಅಗತ್ಯ ಬೀಳಲಾರದು.

ಇದಕ್ಕೆ ದೊಡ್ಡ ಖರ್ಚಿಲ್ಲ. ಮದುವೆಯೊಂದರ ವೇದಿಕೆಯ ಅಲಂಕಾರಕ್ಕೆ ಸುರಿಯುವ ಹಣದಲ್ಲಿ ವರ್ಷಗಟ್ಟಲೆ ಪುಸ್ತಕ ಕೊಳ್ಳಬಹುದು. ಹತ್ತು ಹನ್ನೆರಡು ಮಕ್ಕಳು, ಒಂದು ಚಾಪೆ, ಭಾನುವಾರ ಅಸರ್ ನಮಾಝಿನ ಬಳಿಕ ಒಂದು ಗಂಟೆ ಸಾಕು. ಕೊಳ್ಳಲಾಗದವರಿಗೆ ಜಮಾಅತ್ ನಾಲ್ಕು ಪ್ರತಿಗಳನ್ನು ತೆಗೆದುಕೊಡಲಿ, ಅಂಗಡಿಯವರಿಗೂ ವ್ಯಾಪಾರವಾಗಲಿ. ಭಾಷಣ, ಬಹುಮಾನ, ಅಂಕಗಳು ಮಾತ್ರ ಬೇಡ. ಹಿರಿಯರು ಉಪದೇಶಕ್ಕೆ ತೊಡಗಿದರೆ ಎರಡನೇ ತಿಂಗಳಿಗೇ ಕೂಟ ಮುಗಿದಂತೆ. ಪುಸ್ತಕ ಇಷ್ಟವಾಗಲಿಲ್ಲವೆಂದು ಹೇಳುವ ಹಕ್ಕೂ ಮಗುವಿಗಿರಬೇಕು.

ಅಂದಹಾಗೆ, ಆಸ್ತಿ ತೆರಿಗೆಯೊಂದಿಗೆ ನಾವೆಲ್ಲ ಶೇ. 6ರಷ್ಟು ಗ್ರಂಥಾಲಯ ಕರ ತೆರುತ್ತೇವೆ. ಅದು ಗ್ರಂಥಾಲಯಗಳಿಗೆ ಸಕಾಲದಲ್ಲಿ ತಲುಪುವುದಿಲ್ಲವೆಂಬ ದೂರು ಹಳೆಯದು. ನಮ್ಮ ಕೌನ್ಸಿಲರ್‌ಗಳನ್ನು ಅದರ ಬಗ್ಗೆಯೂ ಕೇಳೋಣ. ಆದರೆ ಅವರ ಉತ್ತರಕ್ಕಾಗಿ ಕಾಯುವುದು ಬೇಡ. ಮೊದಲ ತಿಂಗಳಿಗೆ, 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿಯವರ ಗಾಂಧಿಯ ಕಥೆಯನ್ನೇ ಎತ್ತಿಕೊಳ್ಳಬಹುದು. ಮುಂದಿನ ಶುಕ್ರವಾರ ಜುಮಾದ ಬಳಿಕ ಮಸೀದಿಯ ಪ್ರಕಟಣೆಗಳ ಜೊತೆ, ಅಂಗಡಿಯ ಹೆಸರನ್ನೂ ಸಮಯವನ್ನೂ ಓದಿ ಹೇಳಿದರಾಯಿತು.